ಹೊಲದ ಸಮಾಧಿಗೆ ಕೊಟ್ಟ ಬಣ್ಣದ ತಗಡು

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕೆತ್ತನೆ ಅಂಗಡಿ. ಮದುವೆಗೆ ಕೊಡುವ ಪಾತ್ರೆಗಳಿಗೆ ಹೆಸರು ಹಾಕುವುದು, ಬಾಗಿಲಿಗೆ ಫಲಕ, ಕರಿಕಲ್ಲಿನ ಮೇಲೆ ತೀರಿಕೊಂಡವರ ಮುಖ. ಇಷ್ಟರಲ್ಲೇ ಇಪ್ಪತ್ತು ವರ್ಷ ಕಳೆದವನಿಗೆ ಬಣ್ಣದ ಹುಚ್ಚು ಹಿಡಿಸಿದ್ದು ಗಿರಾಕಿಗಳೇ. ಬಂದವರೆಲ್ಲ ‘ಕಲರ್‌ನಲ್ಲಿ ಬರಲ್ವಾ?’ ಎನ್ನುತ್ತಿದ್ದರು. ಇಲ್ಲ ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗಿತ್ತು.

ತಗಡು, ಲೋಟಗಳ ಮೇಲೆ ಬಣ್ಣದ ಚಿತ್ರ ಇಳಿಸುವ ಸಬ್ಲಿಮೇಷನ್ ಪ್ರಿಂಟರ್ ನೋಡಲು ಮೈಸೂರಿಗೆ ಮೂರು ಸಲ ಹೋದೆ. ದೊಡ್ಡದು ಬೇಕೋ ಚಿಕ್ಕದು ಸಾಕೋ, ಲೋಟಕ್ಕೆ ಬೇರೆ ಪ್ರೆಸ್ ಬೇಕೋ ಎಂದು ಮಾರುವವನ ತಲೆ ತಿಂದೆ. ಆತ ತಾಳ್ಮೆಯವನು. ಕಾಗದದ ಮೇಲೆ ಮಂಕಾಗಿ ಅಚ್ಚಾಗಿದ್ದ ಗಿಳಿಯನ್ನು ಬಿಳಿ ತಗಡಿನ ಮೇಲೆ ಕವುಚಿಟ್ಟು, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ತೆಗೆದ. ತಗಡಿನ ಮೇಲೆ ಗಿಳಿ ಹಸಿರು ಹಸಿರಾಗಿ ಎದ್ದು ಬಂದಿತ್ತು. ಅಲ್ಲಿಗೆ ನಾನು ಸೋತೆ.

“ಇದು ಮನೆ ಒಳಗಡೆಗೆ ಸರ್. ಬಿಸಿಲಲ್ಲಿ ಇಟ್ರೆ ಬಣ್ಣ ಹೋಗುತ್ತೆ. ಹೊರಗಡೆ ಕೆಲಸ ಇದ್ರೆ ಬೇರೆ ಮೆಷಿನ್ ನೋಡಿ,” ಎಂದ.

ತಲೆಯಾಡಿಸಿದೆ. ನನ್ನ ಅರ್ಧ ಕೆಲಸ ಹೋಗುವುದೇ ಹೊಲಗಳಲ್ಲಿರುವ ಸಮಾಧಿಗಳಿಗೆ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮೇಜಿನ ಮೇಲೆ ಕೂರುವ ಆ ಚಿಕ್ಕದನ್ನೇ ಆರಿಸಿ ತಂದೆ.

ತಂದ ವಾರದಲ್ಲೇ ಹನಗೋಡಿನ ಕಡೆಯ ಹೆಂಗಸೊಬ್ಬರು ಬಂದರು. ಹಣೆ ತುಂಬ ವಿಭೂತಿ, ಕೈಯಲ್ಲಿ ಗಂಡನ ಪುಟ್ಟ ಫೋಟೊ. ತೀರಿಕೊಂಡ ಗಂಡನನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡಿ ಸಮಾಧಿ ಕಟ್ಟಿಸಿದ್ದರಂತೆ.

“ಕಲ್ಲಲ್ಲಿ ಕೆತ್ಕೊಡಪ್ಪ, ಸಮಾಧಿಗೆ ಹಾಕುಸ್ಬೇಕು.”

“ಕಲ್ಲು ಯಾಕವ್ವ? ಬಣ್ಣದಲ್ಲೇ ಮಾಡ್ಕೊಡ್ತೀನಿ. ಎದುರಿಗೆ ಕುಂತಂಗೆ ಕಾಣ್ತಾರೆ.”

“ಬಣ್ಣ ಓಗಾಕಿಲ್ವಾ?”

“ಏನೂ ಆಗಾಕಿಲ್ಲ ಕಣವ್ವ.”

ಹೇಳುವಾಗ ನಾಲಿಗೆ ಕೊಂಚವೂ ತಡವರಿಸಲಿಲ್ಲ. ಹೊಸ ಪ್ರಿಂಟರಿನ ಮೊದಲ ಕೆಲಸ ಒಂದು ಮುಖವೇ ಆಗಲಿ ಎಂಬ ಆಸೆ, ಅಷ್ಟೆ. ತಗಡು ಕೈಗಿತ್ತಾಗ ಅವರು ಗಂಡನ ನೀಲಿ ಅಂಗಿಯನ್ನು ಬೆರಳಿನಿಂದ ಸವರಿ ಅತ್ತರು. ನನಗೆ ಹೆಮ್ಮೆಯಾಯಿತು. ಈಗ ಆ ಹೆಮ್ಮೆ ನೆನೆದರೆ ಮೈ ಹಿಡಿಯಾಗುತ್ತದೆ.

ಎರಡು ಬೇಸಿಗೆ ಕಳೆದ ಮೇಲೆ ಅದೇ ತಗಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಅಂಗಿ ಬೆಳ್ಳಗಾಗಿತ್ತು. ಮುಖದಲ್ಲಿ ಮೀಸೆ ಮತ್ತು ಕಣ್ಣಿನ ಗುರುತು ಬಿಟ್ಟರೆ ಏನೂ ಉಳಿದಿರಲಿಲ್ಲ. ಬೈಗುಳ ಬೀಳುತ್ತದೆಂದು ತಲೆ ತಗ್ಗಿಸಿ ನಿಂತೆ.

“ಬೇಜಾರ್ ಮಾಡ್ಕಬ್ಯಾಡ ಕಣಪ್ಪ, ನಂದೇ ತಪ್ಪು,” ಎಂದರು ಅವರು. “ಸ್ವಾಮಾರ ಸ್ವಾಮಾರ ದೀಪದ ಕಂಬ ಬೆಳಗ್ದಂಗೆ ಉಣ್ಸೆಣ್ಣು ಆಕಿ ತೊಳೀತಿದ್ದೆ. ನನ್ ಕೈಯಾರೆ ನಮ್ಮೆಜಮಾನ್ರ ಮುಖ ಅಳಿಸ್ಬುಟ್ಟೆ.”

ತಗಡನ್ನು ಬೆಳಕಿಗೆ ಹಿಡಿದು ನೋಡಿದೆ. ಉಜ್ಜಿ ಹೋಗಿದ್ದರೆ ಗೀರು ಬೀಳಬೇಕಿತ್ತು, ಒಂದು ಗೀರೂ ಇರಲಿಲ್ಲ. ಹುಣಸೆಹಣ್ಣಿನದಲ್ಲ, ಬಿಸಿಲಿನದೇ ಕೆಲಸ. ಆದರೆ ಅಂಗಡಿಯಲ್ಲಿ ಪಿರಿಯಾಪಟ್ಟಣದ ಗಿರಾಕಿಗಳಿಬ್ಬರು ಬಣ್ಣದ ಫಲಕ ಬರೆಸಲು ಕೂತಿದ್ದರು.

“ಉಜ್ಬಾರ್ದಿತ್ತು ಕಣವ್ವ,” ಎಂದುಬಿಟ್ಟೆ.

ಮೊದಲ ಸುಳ್ಳಿಗಾದರೂ ಆಸೆಯ ನೆಪವಿತ್ತು. ಈ ಮಾತಿಗೆ ನನ್ನ ಹತ್ತಿರ ಯಾವ ನೆಪವೂ ಇಲ್ಲ. ಅವರು ಹೌದು ಹೌದು ಎಂದು ತಲೆಯಾಡಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಸ್ಸಿಗೆ ನಡೆದರು.

ಫೋಟೊದ ಪ್ರತಿ ಕಂಪ್ಯೂಟರಿನಲ್ಲಿ ಉಳಿದಿತ್ತು. ಹನ್ನೆರಡು ದಿನ ಕೂತು ಕರಿಕಲ್ಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಆ ಮುಖ ಕೆತ್ತಿದೆ. ಸ್ಕೂಟರಿನಲ್ಲಿಟ್ಟುಕೊಂಡು ಹನಗೋಡಿಗೆ ಹೋಗಿ, ಅವರೊಂದಿಗೆ ಹೊಲಕ್ಕೆ ನಡೆದು, ಸಮಾಧಿಗೆ ನಾನೇ ಸಿಮೆಂಟ್ ಹಾಕಿ ಕೂರಿಸಿದೆ. ಕೈ ತೊಳೆದುಕೊಂಡು ಅವರಿಗೆ ಎಲ್ಲವನ್ನೂ ಹೇಳಿದೆ: ಬಣ್ಣ ತೆಗೆದದ್ದು ಬಿಸಿಲು, ಹೀಗಾಗುತ್ತದೆಂದು ಮಾರಿದವನು ಮೊದಲೇ ಹೇಳಿದ್ದ, ಸುಳ್ಳು ಹೇಳಿದವನು ನಾನು.

ಅವರು ನಕ್ಕರು. “ನೀನು ಒಳ್ಳೇವ್ನು ಕಣಪ್ಪ. ನನ್ ಸಮಾಧಾನಕ್ಕೆ ತಪ್ಪ ನಿನ್ ಮ್ಯಾಲೆ ಆಕ್ಕೊಂಡು ಏಳ್ತೀಯ.”

“ಇಲ್ಲ ಅವ್ವ, ನಿಜ್ವಾಗ್ಲೂ...”

“ಸಾಕು ಬುಡು.” ತಂದಿದ್ದ ಸೇವಂತಿಗೆ ಹೂವನ್ನು ನನ್ನ ಕೈಗೆ ಕೊಟ್ಟರು. “ನೀನೇ ಮಡಗು. ನಾ ಮುಟ್ಟಾಕಿಲ್ಲ.”

“ಇದು ಕಲ್ಲು. ಮುಟ್ಟಿ, ಏನೂ ಆಗಾಕಿಲ್ಲ ಕಣವ್ವ,” ಎಂದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಮುಚ್ಚಿಕೊಂಡು, ದೂರದಿಂದಲೇ ಗಂಡನ ಮುಖ ನೋಡುತ್ತ ನಿಂತರು.