ಮೂರನೇ ಮೇಜಿನ ತಿಳಿಗುಲಾಬಿ

ರಸಾಯನಶಾಸ್ತ್ರದ ಮೇಷ್ಟ್ರಿಗೆ ಮಕ್ಕಳು ಇಟ್ಟ ಅಡ್ಡಹೆಸರು ‘ಹೇಳಿ ಮೇಷ್ಟ್ರು’. ಪ್ರಯೋಗಾಲಯದಲ್ಲಿ ಅವರು ಯಾವ ಬಣ್ಣವನ್ನೂ ತಾವಾಗಿ ಹೇಳಿದವರಲ್ಲ. ತಾಮ್ರದ ಲವಣವನ್ನು ತಂತಿಯ ತುದಿಗೆ ಅಂಟಿಸಿ ಬೆಂಕಿಗೆ ಹಿಡಿದು, “ಜ್ವಾಲೆ ಹೇಗಾಯ್ತು? ನೀವೇ ಹೇಳಿ” ಎನ್ನುವರು. ಇಡೀ ತರಗತಿ ಹಸಿರು ಎಂದು ಕೂಗಿದ ಮೇಲೆ ತಲೆಯಾಡಿಸಿ, ಅದು ಹಸಿರಾಗಿದ್ದೇಕೆ ಎಂದು ಸೊಗಸಾಗಿ ಬಿಡಿಸಿ ಹೇಳುವರು. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ಮಕ್ಕಳ ಬಾಯಿಂದಲೇ ಪಾಠ ಹೊರಡಿಸುವ ಇಂಥವರನ್ನು ತಾನು ಕಂಡಿಲ್ಲ ಎಂದರು. ಉಳಿದವರೂ ಹೀಗೇ ಪಾಠ ಮಾಡಬೇಕೆಂದು ಮುಖ್ಯೋಪಾಧ್ಯಾಯಿನಿ ಸಭೆಯಲ್ಲಿ ಹೇಳಿದರು. ಮೇಷ್ಟ್ರು ನೆಲ ನೋಡುತ್ತ ಕೇಳಿಸಿಕೊಂಡರು. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಅದು ವಿನಯವಾಗಿರಲಿಲ್ಲ. ಅವರಿಗೆ ಆ ಹಸಿರು ಕಾಣುತ್ತಲೇ ಇರಲಿಲ್ಲ. ಹುಟ್ಟಿದಾಗಿನಿಂದ ಕೆಂಪು, ಹಸಿರು ಎರಡೂ ಅವರ ಕಣ್ಣಿಗೆ ಒಂದೇ ಮಾಸಲು ಕಂದು. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ. ಕಡುಗೆಂಪು ಕಪ್ಪಿನ ಕಡೆಗೆ ಜಾರುತ್ತದೆ. ತಿಳಿಗುಲಾಬಿ ಅನ್ನುವುದು ಬರೀ ನೀರು.

ಈ ಊರಿನಲ್ಲಿ ಇದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ, ಅಂತ ಅವರು ನಂಬಿದ್ದರು. ಆಕೆ ಅವರ ಅಂಗಿಗಳನ್ನು ಕಪಾಟಿನಲ್ಲಿ ಜೋಡಿ ಜೋಡಿಯಾಗಿ ಮಡಿಸಿಡುತ್ತಿದ್ದಳು; ಪ್ಯಾಂಟಿನ ಮೇಲೆ ಯಾವ ಅಂಗಿ ಇದೆಯೋ ಅದನ್ನೇ ತೊಡಬೇಕು, ಕೈ ಒಳಗೆ ಹೋಗಬಾರದು. “ಟೊಮೆಟೊ ತರೋಕೆ ಹೋದ್ರೆ ಒಂದೊಂದನ್ನೂ ಹಿಸುಕಿ, ಮೂಸಿ ನೋಡ್ತಾರೆ,” ಎಂದು ನಾದಿನಿಯ ಮುಂದೆ ನಗುತ್ತಿದ್ದಳು. “ಅಂಗಡಿಯವನಿಗೆ ಇವರಂದ್ರೆ ಭಯ. ಭಾರೀ ಪರೀಕ್ಷೆ ಮಾಡ್ತಾರೆ ಅಂತ.” ಕಾರಣ ಮಾತ್ರ ಹೇಳುತ್ತಿರಲಿಲ್ಲ.

ಅವರಿಗೆ ಬೇಕಾಗಿದ್ದದ್ದು ಗಣಿತ. ಖಾಲಿ ಇದ್ದ ಕೆಲಸ ರಸಾಯನಶಾಸ್ತ್ರದ್ದು. ಕಾಲೇಜಿನಲ್ಲಿ ಪಕ್ಕದ ಗೆಳೆಯ ಬಣ್ಣ ಓದಿ ಹೇಳುತ್ತಿದ್ದ, ಇವರು ಲೆಕ್ಕ ಮಾಡಿಕೊಡುತ್ತಿದ್ದರು, ಇಬ್ಬರೂ ಪಾಸಾದರು. ಕೆಲಸಕ್ಕೆ ಸೇರಿದ ಮೇಲೆ ಯಾವ ಲವಣ ಯಾವ ಬಣ್ಣ ಕೊಡುತ್ತದೆ ಎಂಬುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಉಳಿದದ್ದನ್ನು ‘ಹೇಳಿ’ ನೋಡಿಕೊಳ್ಳುತ್ತಿತ್ತು.

ಕಷ್ಟ ಇದ್ದದ್ದು ಒಂದೇ ಪ್ರಯೋಗದಲ್ಲಿ. ಫ್ಲಾಸ್ಕಿನಲ್ಲಿ ಆಮ್ಲ, ಅದಕ್ಕೆ ಬಣ್ಣ ತೋರಿಸುವ ಸೂಚಕ ಎರಡು ಹನಿ. ಮೇಲೆ ಬ್ಯೂರೆಟ್ ಎಂಬ ಉದ್ದನೆಯ ಗಾಜಿನ ಕೊಳವೆಯಲ್ಲಿ ಪ್ರತ್ಯಾಮ್ಲ. ಅದನ್ನು ಹನಿಹನಿಯಾಗಿ ಬಿಡುತ್ತ, ಫ್ಲಾಸ್ಕನ್ನು ಅಲ್ಲಾಡಿಸುತ್ತ ಹೋದರೆ, ಆಮ್ಲವೆಲ್ಲ ಮುಗಿದು ಬರೀ ಲವಣ, ನೀರು ಉಳಿಯುವ ಗಳಿಗೆಗೆ ಇಡೀ ದ್ರಾವಣ ತಿಳಿಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ ಎಷ್ಟು ಖರ್ಚಾಯಿತೆಂದು ಬರೆಯಬೇಕು. ಒಂದು ಹನಿ ಹೆಚ್ಚಾದರೂ ಉತ್ತರ ಕೆಡುತ್ತದೆ. ಮಕ್ಕಳು ಒಬ್ಬರದೊಬ್ಬರು ನೋಡಿ ಬರೆಯದಿರಲೆಂದು ಮೇಷ್ಟ್ರು ಒಂದೊಂದು ಮೇಜಿಗೆ ಒಂದೊಂದು ಹದದ ಆಮ್ಲವನ್ನು ಬಾಟಲಿಯಲ್ಲಿ ತಾವೇ ಬೆರೆಸಿಡುತ್ತಿದ್ದರು. ಯಾವ ಮೇಜಿನಲ್ಲಿ ಯಾವ ಅಂಕಿಗೆ ಬಣ್ಣ ಬರಬೇಕೆಂದು ಅವರ ತಲೆಯಲ್ಲಿರುತ್ತಿತ್ತು. ಮೇಜಿನ ಹತ್ತಿರ ಬಂದಾಗ ಅವರು ಫ್ಲಾಸ್ಕನ್ನು ಬೆಳಕಿಗೆ ಹಿಡಿದು ದಿಟ್ಟಿಸುತ್ತಿದ್ದರು, ಆದರೆ ಓದುತ್ತಿದ್ದದ್ದು ಬ್ಯೂರೆಟ್ಟಿನ ಅಂಕಿಯನ್ನು. ಅಷ್ಟರಲ್ಲಿ ಮಕ್ಕಳೇ, “ಬಂತು ಸರ್, ತಿಳಿಗುಲಾಬಿ” ಎಂದು ಗಟ್ಟಿಯಾಗಿ ಹೇಳಿಬಿಡುತ್ತಿದ್ದರು.

ಆ ವರ್ಷ ನಡುವಿನಲ್ಲಿ ಬೇರೆ ಶಾಲೆಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ಮಾತು ಕಡಿಮೆ. ಪ್ರಾಯೋಗಿಕ ಪರೀಕ್ಷೆಯ ದಿನ ಅವಳಿಗೆ ಸಿಕ್ಕಿದ್ದು ಮೂರನೇ ಮೇಜು. ಮೇಷ್ಟ್ರು ಬಂದಾಗ ಅವಳು ಬ್ಯೂರೆಟ್ಟಿನ ನಲ್ಲಿ ತಿರುಗಿಸಿ ನಿಲ್ಲಿಸಿ, ಕೈಕಟ್ಟಿ ನಿಂತಿದ್ದಳು. ಬಾಯಿ ಬಿಡಲಿಲ್ಲ.

ಮೇಷ್ಟ್ರು ಫ್ಲಾಸ್ಕ್ ಎತ್ತಿ ನೋಡಿದರು. ನೀರು. ಬ್ಯೂರೆಟ್ ನೋಡಿದರು. ಹನ್ನೆರಡು. ಮೂರನೇ ಮೇಜಿನದು ಹದಿನೆಂಟಕ್ಕೆ ಬರಬೇಕು.

“ಇನ್ನೂ ಬಂದಿಲ್ಲ. ಹಾಕು.”

“ಬಂದಿದೆ ಸರ್.”

“ಎಲ್ಲಿ ಬಂದಿದೆ?”

“ನಿಮ್ಮ ಕೈಯಲ್ಲೇ ಇದೆಯಲ್ಲ ಸರ್.”

ಯಾರೋ ಕಿಸಕ್ಕೆಂದರು. ಮೇಷ್ಟ್ರು ಫ್ಲಾಸ್ಕನ್ನು ಮೇಜಿನ ಮೇಲೆ ಕುಕ್ಕಿದರು. ಹನ್ನೆರಡು ಪಕ್ಕದ ಎರಡನೇ ಮೇಜಿನ ಅಂಕಿ ಎಂಬುದು ಆಗ ಅವರಿಗೆ ಹೊಳೆಯಿತು.

“ಪಕ್ಕದ ಮೇಜಿನ ಹನ್ನೆರಡು ನಿನ್ನ ಮೇಜಿಗೆ ನಡ್ಕೊಂಡು ಬಂತಾ? ಕಾಪಿ ಹೊಡೆಯೋದಲ್ಲದೆ ಎದುರು ಮಾತು ಬೇರೆ. ಹೊರಗೆ ನಿಲ್ಲು.”

ಹುಡುಗಿ ಒಮ್ಮೆ ಸುತ್ತ ನೋಡಿದಳು. ಎಲ್ಲರೂ ತಮ್ಮ ತಮ್ಮ ಫ್ಲಾಸ್ಕಿನಲ್ಲಿ ಮುಳುಗಿದ್ದರು. ಅವಳು ಕೈ ಒರೆಸಿಕೊಂಡು ಹೊರಗೆ ಹೋಗಿ ಕಾರಿಡಾರಿನಲ್ಲಿ ನಿಂತಳು. ಆ ಪ್ರಯೋಗಕ್ಕೆ ಮೇಷ್ಟ್ರು ಸೊನ್ನೆ ಹಾಕಿದರು.

ಸಂಜೆ ಗಾಜಿನ ಸಾಮಾನು ತೊಳೆಯುತ್ತಿದ್ದ ಸ್ಟೋರಿನ ಅಕ್ಕ ಮಾತಿನ ನಡುವೆ ಹೇಳಿದಳು. “ಸರ್, ಮರೆತೇಬಿಟ್ಟಿದ್ದೆ. ಮೂರನೇ ಮೇಜಿನ ಬಾಟಲಿ ಬೆಳಗ್ಗೆ ಸೀಳುಬಿಟ್ಟು ಸೋರ್ತಿತ್ತು. ಚೆಲ್ಲಿ, ಬೇರೆ ಬಾಟಲಿಗೆ ಎರಡನೇ ಮೇಜಿನದ್ದನ್ನೇ ಅರ್ಧ ಸುರಿದಿಟ್ಟೆ. ಪರವಾಗಿಲ್ಲ ಅಲ್ವಾ? ಎಲ್ಲ ಆಸಿಡ್ಡೇ ತಾನೆ?”

“ಪರವಾಗಿಲ್ಲ,” ಎಂದರು ಮೇಷ್ಟ್ರು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದರು. ಆಕೆ ಮಡಿಸುತ್ತಿದ್ದ ಬಟ್ಟೆ ಬದಿಗಿಟ್ಟಳು. “ಮಾರ್ಕ್ಸ್ ಸರಿಮಾಡಿ.”

“ಮಾಡ್ತೀನಿ.”

“ಅಷ್ಟೇ ಸಾಕಾ?”

ಆಕೆ ಬದಿಗಿಟ್ಟ ಬಟ್ಟೆಯನ್ನು ಮೇಷ್ಟ್ರು ಎತ್ತಿ ಮಡಿಸತೊಡಗಿದರು.

ಮರುದಿನ ಅವರು ಪಟ್ಟಿಯಲ್ಲಿ ಸೊನ್ನೆ ಅಳಿಸಿ ಪೂರ್ತಿ ಅಂಕ ಹಾಕಿದರು. ಆಮೇಲೆ ಹುಡುಗಿಯನ್ನು ಹುಡುಕಿಕೊಂಡು ಹೋದರು. ಕಾರಿಡಾರಿನಲ್ಲಿ ಅವಳ ಹಿಂದೆ ಯಾರೋ, “ಬಂದ್ಲಪ್ಪ ಹನ್ನೆರಡು” ಎನ್ನುತ್ತಿದ್ದದ್ದು ಕೇಳಿಸಿತು. ಒಂದೇ ದಿನಕ್ಕೆ ಅವಳಿಗೆ ಹೊಸ ಹೆಸರು ಸಿಕ್ಕಿತ್ತು.

“ನೋಡಮ್ಮ,” ಎಂದರು ತಗ್ಗಿದ ದನಿಯಲ್ಲಿ. “ಬಾಟಲಿ ಅದಲುಬದಲಾಗಿತ್ತು. ನಿನ್ನ ತಪ್ಪಿಲ್ಲ. ಪೂರ್ತಿ ಮಾರ್ಕ್ಸ್ ಕೊಟ್ಟಿದೀನಿ. ಇದನ್ನ ಇಲ್ಲಿಗೆ ಬಿಡೋಣ.”

ಹುಡುಗಿ ತಲೆಯೆತ್ತಿದಳು. “ಬಾಟಲಿ ಯಾವುದಾದ್ರೇನು ಸರ್, ಬಣ್ಣ ಬಣ್ಣಾನೇ ಅಲ್ವಾ? ನೀವು ಕೈಯಲ್ಲಿ ಹಿಡಿದು ನೋಡಿದ್ರಿ. ಬಂದಿಲ್ಲ ಅಂದ್ರಿ.”

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆ ಅದು. ಮೇಷ್ಟ್ರು ಗೋಡೆಯ ಕಡೆ ತಿರುಗಿ, ಬೇರೆಯವರ ವಿಷಯ ಹೇಳುವ ಹಾಗೆ ಹೇಳಿದರು. “ನನಗೆ ಆ ಬಣ್ಣ ಕಾಣಲ್ಲಮ್ಮ.”

ಅವಳು ಅಯ್ಯೋ ಎನ್ನಲಿಲ್ಲ. “ಹಾಗಾದ್ರೆ ನಾನು ಸುಳ್ಳು ಹೇಳಿಲ್ಲ.”

“ಇಲ್ಲ.”

“ಕಾಪಿ ಹೊಡೆದೆ ಅಂದಿದ್ದು ಎಲ್ಲರ ಮುಂದೆ ಸರ್. ಹೊಡೆದಿಲ್ಲ ಅನ್ನೋದನ್ನೂ ಎಲ್ಲರ ಮುಂದೇನೇ ಹೇಳಿ. ಮಾರ್ಕ್ಸ್ ನೀವೇ ಇಟ್ಕೊಳ್ಳಿ ಬೇಕಾದ್ರೆ.”

ಗಂಟೆ ಹೊಡೆಯಿತು. ಅವಳು ತರಗತಿಗೆ ಹೋದಳು. ಮೇಷ್ಟ್ರು ಸಿಬ್ಬಂದಿ ಕೋಣೆಗೆ ಹೋಗಿ ನೀರು ಕುಡಿದರು. ಬಾಟಲಿಯ ಕತೆಯನ್ನೇ ತರಗತಿಗೆ ಹೇಳಿದರೆ ಹುಡುಗಿಯ ಮೇಲಿನ ಮಾತು ಹೋಗುತ್ತಿತ್ತು, ತಮ್ಮ ಗುಟ್ಟೂ ಉಳಿಯುತ್ತಿತ್ತು. ಆದರೆ ಅವಳು ಕೇಳಿದ್ದನ್ನೇ ಇನ್ನೊಬ್ಬ ಎದ್ದು ಕೇಳಿದರೆ? ಕೇಳದಿದ್ದರೂ ಅವಳು ಎರಡನೇ ಸಾಲಿನಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿರುತ್ತಾಳೆ.

ಮುಂದಿನ ಪೀರಿಯಡ್ಡಿಗೆ ಅವಳ ತರಗತಿ ಸೇರಿದ್ದ ಪ್ರಯೋಗಾಲಯಕ್ಕೆ ಬಂದವರೇ ಮೇಷ್ಟ್ರು ಫ್ಲಾಸ್ಕಿನಲ್ಲಿ ಅಳೆಯದೆ ಆಮ್ಲ ತೆಗೆದುಕೊಂಡು, ಸೂಚಕ ಹಾಕಿ, ಪ್ರತ್ಯಾಮ್ಲ ಬಿಡತೊಡಗಿದರು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದೆ ಬಿಡುತ್ತಲೇ ಹೋದರು. ಮಕ್ಕಳು ಎಂದಿನಂತೆ, “ಬಂತು ಸರ್” ಎಂದರು. ಮೇಷ್ಟ್ರು ನಿಲ್ಲಿಸಿ ಅದನ್ನು ಎತ್ತಿ ಹಿಡಿದರು.

“ಇದು ನನಗೆ ನೀರಿನ ಹಾಗೆ ಕಾಣುತ್ತೆ. ಕೆಂಪು, ಹಸಿರು, ಗುಲಾಬಿ ಯಾವುದೂ ನನಗೆ ತಿಳಿಯಲ್ಲ. ಮೊದಲಿಂದ್ಲೂ. ನಿನ್ನೆ ಇವಳ ಫ್ಲಾಸ್ಕಲ್ಲಿ ಬಣ್ಣ ಬಂದಿತ್ತು. ನಾನು ಅಂಕಿ ನೋಡಿ ಇಲ್ಲ ಅಂದೆ. ಇವಳು ಕಾಪಿ ಹೊಡೆದಿಲ್ಲ. ಕಳ್ಳಿ ಅನ್ನೋ ಹಾಗೆ ಬೈದು ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು.”

ನಗು ಬರುತ್ತದೆಂದು ಅವರು ಕಾದರು. ಬರಲಿಲ್ಲ. ಆಶ್ಚರ್ಯವನ್ನೂ ಯಾರೂ ತೋರಿಸಲಿಲ್ಲ. ಎರಡನೇ ಮೇಜಿನ ಹುಡುಗ, ಎಲ್ಲರೂ ಏಣಿ ಎಂದು ಕರೆಯುವ ಉದ್ದನೆಯವನು, ಅರ್ಧ ಎದ್ದು ನಿಂತ.

“ಅದು ಗೊತ್ತಿರೋದೇ ಸರ್.”

“ಏನು ಗೊತ್ತು?”

“ನಿಮಗೆ ಕಾಣಲ್ಲ ಅಂತ. ಹೋದ ವರ್ಷದ ಅಣ್ಣಂದಿರು ಹೇಳಿದ್ರು. ಸರ್ ಬಂದ ತಕ್ಷಣ ಬಣ್ಣ ಗಟ್ಟಿಯಾಗಿ ಹೇಳಿಬಿಡ್ಬೇಕು ಅಂತ. ಅವರಿಗೆ ಅವರ ಹಿಂದಿನವರು ಹೇಳಿದ್ರಂತೆ. ಇವಳು ನಡುವೆ ಬಂದ್ಲಲ್ಲ, ಯಾರೂ ಹೇಳಿಕೊಟ್ಟಿರ್ಲಿಲ್ಲ.”

ಮೇಷ್ಟ್ರು ಫ್ಲಾಸ್ಕನ್ನು ಕೆಳಗಿಟ್ಟರು. ಅಧಿಕಾರಿ ಹೊಗಳಿದ್ದು, ಮುಖ್ಯೋಪಾಧ್ಯಾಯಿನಿ ಸಭೆಯಲ್ಲಿ ಹೇಳಿದ್ದು, ಹಸಿರು ಎಂದು ಇಡೀ ತರಗತಿ ಕೂಗುತ್ತಿದ್ದದ್ದು ಎಲ್ಲ ಒಟ್ಟಿಗೆ ನೆನಪಾದವು. ತಾನು ಮಕ್ಕಳಿಂದ ಮಾತು ಹೊರಡಿಸುತ್ತಿದ್ದೇನೆ ಎಂದುಕೊಂಡಿದ್ದರು.

“ನಿನ್ನೆ ಇವಳ ಫ್ಲಾಸ್ಕ್ ನೋಡಿದ್ಯಾ?”

“ನೋಡಿದೆ ಸರ್. ಚೆನ್ನಾಗಿ ಬಂದಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

ಏಣಿ ಮೇಜಿನ ಅಂಚನ್ನು ಉಗುರಿನಿಂದ ಕೆರೆದ. “ಹೇಳಿದ್ರೆ ನಿಮಗೆ ಕಾಣಲ್ಲ ಅಂತ ಹೇಳಿದ ಹಾಗೆ ಆಗ್ತಿತ್ತಲ್ಲ ಸರ್.”

ಹುಡುಗಿ ತಿರುಗಿ ಅವನನ್ನು ನೋಡಿದಳು. ಅವನು ತಲೆ ತಗ್ಗಿಸಿದ. ಅವನ ಆಚೆ ಕೂತಿದ್ದವರೂ ತಗ್ಗಿಸಿದರು. ಮೇಷ್ಟ್ರು ಮೊದಲೇ ತಗ್ಗಿಸಿದ್ದರು.

ಬಯ್ಯಲು ಅವರಿಗೆ ಬಾಯಿ ಇರಲಿಲ್ಲ. ಪ್ರಯೋಗವನ್ನು ಮತ್ತೆ ಮಾಡುತ್ತೀಯಾ ಎಂದಷ್ಟೇ ಹುಡುಗಿಯನ್ನು ಕೇಳಿದರು. ಅವಳು ಮೂರನೇ ಮೇಜಿಗೆ ಹೋಗಿ ಫ್ಲಾಸ್ಕ್ ತೊಳೆದಳು, ಅದೇ ಬಾಟಲಿಯಿಂದ ಆಮ್ಲ ಅಳೆದಳು, ಹನಿಹನಿಯಾಗಿ ಬಿಟ್ಟಳು. ಮೇಷ್ಟ್ರು ಪಕ್ಕಕ್ಕೆ ಬಂದು ನಿಂತರು. ರೂಢಿಯಂತೆ ‘ಹೇಳಿ’ ಎನ್ನಲು ಬಾಯಿ ತೆರೆದು ಮುಚ್ಚಿದರು.

ಅವಳು ಬ್ಯೂರೆಟ್ಟಿನ ನಲ್ಲಿ ತಿರುಗಿಸಿ ನಿಲ್ಲಿಸಿದಳು.

“ಬಂತು ಸರ್. ಹನ್ನೆರಡು.”

ಹನ್ನೆರಡು ಎಂದಾಗ ಯಾರೂ ನಗಲಿಲ್ಲ. ಮೇಷ್ಟ್ರು ಫ್ಲಾಸ್ಕನ್ನು ಎತ್ತಿ ಬೆಳಕಿಗೆ ಹಿಡಿಯಲಿಲ್ಲ. ಸರಿ ಎಂದು ಹೇಳಿ ಮುಂದಿನ ಮೇಜಿಗೆ ಹೋದರು.