ಅಕ್ವೇರಿಯಂಗೆ ಎಷ್ಟು ತಾಸು ಬೆಳಕು

ಅವತ್ತು ನಾನು ಮಾವನ ಕೈ ಹಿಡಿದು ಸ್ವಿಚ್ಚಿನಿಂದ ಜಗ್ಗಿದೆನೋ, ಬರೀ ಬಾಯಿಮಾತಿನಲ್ಲಿ ತಡೆದೆನೋ, ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ನಾನು ನಗುತ್ತಿದ್ದೇನೆ. ಆದರೆ ನನ್ನ ನೆನಪುಗಳಲ್ಲೆಲ್ಲ ನಾನು ನಗುತ್ತಲೇ ಇರುತ್ತೇನೆ. ಈಗ ಅದರ ಮೇಲೇ ಅನುಮಾನ.

ಈ ಅನುಮಾನ ಎದ್ದದ್ದು ಇತ್ತೀಚೆಗೆ, ಲಿಂಗಸುಗೂರಿನ ಒಂದು ಮೀನಿನ ಅಂಗಡಿಯಲ್ಲಿ. ಎರಡು ವರ್ಷದಿಂದ ಅಟ್ಟದ ಮೇಲೆ ಖಾಲಿ ಬಿದ್ದಿದ್ದ ಅಕ್ವೇರಿಯಂ ಅನ್ನು ಇಳಿಸಿ ಮತ್ತೆ ಗಿಡ ನೆಡುವ ಆಸೆಯಾಗಿತ್ತು. ನೀರೊಳಗಿನ ಗಿಡವನ್ನು ನೀವು ನೋಡಿದ್ದೀರೋ ಇಲ್ಲವೋ. ಬೆಳಕು ಸರಿಯಾಗಿ ಬಿದ್ದರೆ ಎಲೆಗಳ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಮೂಡುತ್ತವೆ. ಅದನ್ನು ಒಮ್ಮೆ ಕಂಡವನಿಗೆ ಮೀನು ಬರೀ ನೆಪ.

ಅಂಗಡಿಯ ಸಲೀಂ ಭಾಯಿ ಮೂರು ಲೈಟು ತಂದು ಮುಂದಿಟ್ಟರು. ಒಂದು ಬರೀ ಬಿಳಿ. ಒಂದರಲ್ಲಿ ಬಿಳಿಯ ಜೊತೆ ಕೆಂಪು. ಮೂರನೆಯದು ನೀಲಿ, ಅದರ ಕೆಳಗೆ ಮೀನುಗಳು ಮದುವೆ ಹಂದರದೊಳಗಿನ ಬೀಗರಂತೆ ಕಾಣುತ್ತಿದ್ದವು. ನಾನು ಮಸ್ಕಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ವ್ಯಾಟ್ ಎಷ್ಟು, ಲುಮೆನ್ ಎಷ್ಟು, ಕೆಲ್ವಿನ್ ಎಷ್ಟು ಎಂದು ಕೇಳುತ್ತ ಹೋದೆ. ಭಾಯಿ ಎಲ್ಲ ಮುಗಿಯುವತನಕ ಕಾದರು.

"ಅದೆಲ್ಲಾ ಖರೆ ಸರ್. ದಿನಾ ಎಷ್ಟ್ ತಾಸು ಹಚ್ತೀರಿ?"

"ಹದಿನಾರು. ಮೊದಲೂ ಹಂಗ ಹಚ್ತಿದ್ದೆ."

"ತೌಬಾ! ನೀವು ಗಿಡ ಬೆಳಸ್ತೀರೋ, ಪಾಚಿ ಬೆಳಸ್ತೀರೋ? ಎಂಟು ತಾಸು ಸಾಕ್ರೀ. ಗಿಡಕ್ಕ ಕತ್ತಲಾನೂ ಬೇಕು."

ಆ ಕೊನೆಯ ಮಾತನ್ನು ಸಿಂಧನೂರಿನ ನನ್ನ ಮನೆಯಲ್ಲೇ, ಹೆಚ್ಚುಕಡಿಮೆ ಅಕ್ಷರಕ್ಕಕ್ಷರ, ಹಿಂದೊಮ್ಮೆ ಕೇಳಿದ್ದೆ. ಕೇಳಿ ನಕ್ಕಿದ್ದೆ.

ಹೇಳಿದವರು ನನ್ನ ಹೆಂಡತಿ ಶೈಲಾಳ ಅಪ್ಪ. ಜವಳಗೇರಾದಲ್ಲಿ ಭತ್ತ ಬೆಳೆಯುವವರು. ವಾರಕ್ಕೊಮ್ಮೆ ಸಿಂಧನೂರಿಗೆ ಬಂದಾಗ ಅಕ್ವೇರಿಯಂ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದರು. ಸಂಜೆಯಾದೊಡನೆ ಎದ್ದು ಅದರ ಲೈಟು ಆರಿಸುತ್ತಿದ್ದರು. ಒಂದು ಸಂಜೆ ನನ್ನ ಇಬ್ಬರು ಸಹೋದ್ಯೋಗಿಗಳೂ ಬಂದಿದ್ದರು.

"ಗಿಡಕ್ಕೂ ಕತ್ತಲ ಬೇಕು ಅಳಿಯಾ," ಎಂದರು ಮಾವ, ಬೆರಳು ಸ್ವಿಚ್ಚಿನ ಮೇಲೆ. "ನಮ್ಮ ಹೊಲದ ಬಾಜೂಕ ರೋಡಿನ ಲೈಟಿನ ಕಂಬ ಐತಲ್ಲ, ಅದರ ಬುಡಕಿನ ಭತ್ತ ತೆನಿ ಹಾಕಂಗಿಲ್ಲ."

"ಯಾಕ್ರೀ ಮಾವ, ಭತ್ತಕ್ಕೂ ನಿದ್ದಿ ಬರತೈತೇನು? ಜೋಗುಳಾ ಹಾಡ್ತೀರೇನು?"

ಗೆಳೆಯರು ಚಹಾ ಚೆಲ್ಲುವಷ್ಟು ನಕ್ಕರು. ಆಮೇಲಿನ ಒಂದು ಗಳಿಗೆ ನನ್ನ ನೆನಪಿನಲ್ಲಿಲ್ಲ. ಲೈಟು ಮಾತ್ರ ಉರಿಯುತ್ತಲೇ ಇತ್ತು.

ಕೆಲವೇ ವಾರದಲ್ಲಿ ಎಲೆಗಳಿಗೆಲ್ಲ ಹಸಿರು ಲೋಳೆ ಸುತ್ತಿ ಗಿಡಗಳು ಕೊಳೆತವು. ಮಾವ ಲೈಟು ಆರಿಸಿ ಆರಿಸಿ ಕೊಂದರು ಎಂದು ತೀರ್ಮಾನಿಸಿದೆ. ಮಸ್ಕಿಯ ಸ್ಟಾಫ್ ರೂಮಿನಲ್ಲಿ ಅವರ ದನಿಯನ್ನೂ ಅಣಕಿಸುತ್ತ ಈ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ. ಅವರು ಬರುತ್ತಿದ್ದದ್ದು ವಾರಕ್ಕೆ ಒಂದೇ ದಿನ, ಉಳಿದ ಆರು ದಿನ ಹದಿನಾರು ತಾಸು ಉರಿಸಿದವನು ನಾನೇ ಎಂಬ ಲೆಕ್ಕ ಮಾತ್ರ ಹೊಳೆಯಲಿಲ್ಲ.

ಲಿಂಗಸುಗೂರಿನಿಂದ ಬಂದು ಭಾಯಿಯ ಮಾತನ್ನು ಶೈಲಾಳಿಗೆ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ.

"ಅವತ್ತ ನೀವು ಅಪ್ಪನ ಕೈ ಹಿಡಿದು ಜಗ್ಗಿದ್ರಿ. ಆವಾಗಿಂದ ಅಪ್ಪ ನಮ್ಮನ್ಯಾಗ ಹನಿ ನೀರು ಕುಡಿದಿಲ್ಲ."

"ಸುಳ್ಳು! ಬರ್ತಾರಲ್ಲ, ಅಕ್ಕಿ ಚೀಲ ತರ್ತಾರಲ್ಲ?"

"ಬಾಗಿಲದಾಗ ಇಟ್ಟು ಹೋಗ್ತಾರ. ಒಳಗ ಬಂದು ಯಾವಾಗ ಕುಂತಿದ್ರು, ಹೇಳ್ರಿ ನೋಡೋಣು?"

ಬೆರಳು ಮಡಚಿ ಲೆಕ್ಕ ಹಾಕಿದೆ. ಎರಡು ವರ್ಷ! ಇನ್ನೊಂದೂ ನೆನಪಾಯಿತು: ಆಮೇಲೆ ಮಾವ ನನ್ನನ್ನು 'ಅಳಿಯಾ' ಎಂದು ಕರೆಯುವುದು ಬಿಟ್ಟು 'ಸರ' ಎನ್ನತೊಡಗಿದ್ದರು. ನಾನೋ, ಪಿಎಚ್‌.ಡಿ. ಮುಗಿದದ್ದಕ್ಕೆ ಗೌರವ ಕೊಡುತ್ತಿದ್ದಾರೆ ಎಂದು ಒಳಗೊಳಗೇ ಹಿಗ್ಗಿದ್ದೆ.

ಭಾನುವಾರ ಜವಳಗೇರಾದ ಬಸ್ಸು ಹತ್ತಿದೆ. ಕೊಯ್ಲಿಗೆ ವಾರವಿತ್ತು. ಮಾವ ಬದುವಿನ ಮೇಲಿದ್ದರು.

"ಬರ್ರಿ ಸರ."

"ಅವತ್ತ ನಾ ನಿಮ್ಮ ಕೈ ಹಿಡಿದು ಜಗ್ಗಿದ್ನೇನ್ರಿ ಮಾವ?"

ಅವರು ಬಗ್ಗಿ ಕಳೆ ಕಿತ್ತರು. "ಓದಿದವರು ನೀವ. ನಿಮಗ ನೆನಪಿಲ್ಲಂದ್ರ ನನಗೆಲ್ಲಿ ಇರತೈತ್ರೀ."

ಇಲ್ಲ ಎನ್ನಲಿಲ್ಲ ಎಂಬುದನ್ನು ಗಮನಿಸಿದೆ.

"ತಪ್ಪಾತ್ರೀ. ಹೊಸಾ ಲೈಟು ತಂದೀನಿ. ಎಷ್ಟ್ ತಾಸು ಹಚ್ಚಬೇಕು, ನೀವ ಬಂದು ಹೇಳ್ರಿ."

"ನಾ ಹೇಳಿದ್ದು ನಂಬ್ತೀರೇನು?"

"ನೋಡಿ ನಂಬ್ತೀನಿ."

ಮಾವ ಪಕಪಕನೆ ನಕ್ಕರು. "ಇನ್ನೂ ಬುದ್ಧಿ ಬಂದಿಲ್ಲ ನಿನಗ. ಕಂಬ ಅಲ್ಲೈತಿ. ಹೋಗಿ ನೋಡ್ಕೊಂಡು ಬಾ ಅಳಿಯಾ."

ಈಗ ಅಕ್ವೇರಿಯಂ ಮೇಲೆ ಆ ಬರೀ ಬಿಳಿ ಲೈಟಿದೆ, ಜೊತೆಗೊಂದು ಟೈಮರ್. ಮೊನ್ನೆ ಮಾವ ಒಳಗೆ ಬಂದು ಕುಳಿತು ಎರಡನೇ ಚಹಾ ಕುಡಿಯುವಾಗ ಸಂಜೆ ಆರಕ್ಕೆ ಲೈಟು ತಾನೇ ಆರಿತು. ಅವರು ಬೆಚ್ಚಿ ಎರಡೂ ಕೈ ಮೇಲೆತ್ತಿದರು. "ನಾ ಮುಟ್ಟಿಲ್ಲಪಾ ಮತ್ತ!" ಎಲ್ಲರೂ ನಕ್ಕೆವು. ನಾನು ಆ ಕೈಗಳನ್ನೇ ನೋಡುತ್ತಿದ್ದೆ.

ಭತ್ತದ ತೆನೆಗೂ ಅಕ್ವೇರಿಯಂನ ಪಾಚಿಗೂ ಕಾರಣ ಒಂದೇ ಅಲ್ಲ, ಅದು ಗೊತ್ತು. ಕೈಯ ವಿಷಯ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಆದರೆ ಆ ಭಾನುವಾರ ಬದುವಿನ ಮೇಲೆ ಕಂಬದವರೆಗೂ ನಡೆದುಹೋಗಿದ್ದೆ. ಹೊಲವೆಲ್ಲ ಹಳದಿಯಾಗಿ, ತೆನೆಯ ಭಾರಕ್ಕೆ ಬಾಗಿತ್ತು. ಕಂಬದ ಬುಡದಲ್ಲಿ, ಬೆಳಕು ಬೀಳುವಷ್ಟು ಜಾಗದಲ್ಲಿ ಮಾತ್ರ, ಪೈರು ಹಚ್ಚಹಸಿರಾಗಿ ನೆಟ್ಟಗೆ ನಿಂತಿತ್ತು. ಒಂದು ದಂಟು ಸೀಳಿ ನೋಡಿದೆ. ಒಳಗೆ ತೆನೆ ಇರಲಿಲ್ಲ.