ಲಂಕೆಯ ಗ್ರಹಣಕ್ಕೆ ಹೊರಟದ್ದು

ಆ ಬೆಳಿಗ್ಗೆ ಚಿಂತಾಮಣಿಯಲ್ಲಿ ಕತ್ತಲಾಯಿತು, ಕೋಳಿಗಳು ಮತ್ತೆ ಗೂಡು ಸೇರಿದವು ಎಂದು ನನ್ನ ನೆನಪು ಹೇಳುತ್ತದೆ. ಅದು ಸುಳ್ಳು. ಐವತ್ತೈದರ ಪೂರ್ಣ ಸೂರ್ಯಗ್ರಹಣ ಕಂಡದ್ದು ಸಿಂಹಳದಲ್ಲಿ. ನಮ್ಮ ಸೀಮೆಗೆ ದಕ್ಕಿದ್ದು ಪಾರ್ಶ್ವ ಗ್ರಹಣ ಮಾತ್ರ. ಸೂರ್ಯನ ಒಂದು ಪಾಲು ಉಳಿದರೂ ಸಾಕು, ಹಗಲು ಹಗಲಾಗಿಯೇ ಇರುತ್ತದೆ. ಇದನ್ನು ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಎಷ್ಟು ಸಲ ಪಾಠ ಮಾಡಿದ್ದೇನೋ! ಪಾಠ ಮಾಡುವಾಗಲೂ ಕಣ್ಣೆದುರಿಗೆ ಆ ಕೋಳಿಗಳು ಬಂದು ನಿಲ್ಲುತ್ತಿದ್ದವು. ಎಲ್ಲಿಯೋ ಓದಿದ್ದು ಬಂದು ಸೇರಿಕೊಂಡಿರಬೇಕು. ಹಾಗಿದ್ದ ಮೇಲೆ ಮಿಕ್ಕದ್ದನ್ನು ಎಷ್ಟು ನಂಬಬೇಕು? ನಂಬಬಹುದು ಅನಿಸಿದ್ದನ್ನಷ್ಟೇ ಬರೆಯುತ್ತೇನೆ.

ಆಗ ನಾನು ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಓದುತ್ತಿದ್ದೆ. ನನಗಿಂತ ನಾಲ್ಕೈದು ವರ್ಷಕ್ಕೆ ಹಿರಿಯಳಾದ ಅಕ್ಕನನ್ನು ಚಿಂತಾಮಣಿಗೆ ಕೊಟ್ಟಿತ್ತು. ಭಾವ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅವರ ತಾಯಿ, ಊರ ಹೊರಗೆ ಹಿಪ್ಪುನೇರಳೆ ತೋಟ, ವರ್ಷಕ್ಕೆ ನಾಲ್ಕೈದು ಬೆಳೆ ರೇಷ್ಮೆ ಹುಳು. ಹಿಂದಿನ ವರ್ಷ ಅಕ್ಕ ಬಸುರಿಯಾಗಿದ್ದಾಗ ಸೂರ್ಯ ಮುಳುಗುವ ಹೊತ್ತಿಗೆ ಒಂದು ಗ್ರಹಣ ಹಿಡಿದಿತ್ತು. ಬಸುರಿ ಹೆಂಗಸು ಗ್ರಹಣದಲ್ಲಿ ಏನನ್ನೂ ಕೊಯ್ಯಬಾರದು, ಹೆಚ್ಚಬಾರದು. ಆದರೆ ಮನೆಯಲ್ಲಿ ಆಗತಾನೇ ಮೊಟ್ಟೆಯೊಡೆದ ಎಳೆ ಹುಳುಗಳಿದ್ದವು. ಅವಕ್ಕೆ ಸೊಪ್ಪನ್ನು ನೂಲಿನ ಹಾಗೆ ಸಣ್ಣಗೆ ಹೆಚ್ಚಿ ಉದುರಿಸಬೇಕು. ಹೊತ್ತು ತಪ್ಪಿದರೆ ಸೊರಗುತ್ತವೆ. ಆ ಮನೆಯಲ್ಲಿ ಅಷ್ಟು ಸಣ್ಣಗೆ ಹೆಚ್ಚುವ ಕೈ ಅಕ್ಕನದೊಂದೇ. ಆಕಾಶದ ತುಂಬ ಮೋಡ, ಗ್ರಹಣ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಕ್ಕ ಸೊಪ್ಪು ಹೆಚ್ಚಿದಳು. ಯಾರೂ ಬೇಡವೆನ್ನಲಿಲ್ಲ.

ಕಾರ್ತೀಕದಲ್ಲಿ, ಶಿಡ್ಲಘಟ್ಟದ ಹತ್ತಿರ ಮೇಲೂರಿನ ನಮ್ಮ ಮನೆಯಲ್ಲಿ, ಗಂಡು ಮಗು ಹುಟ್ಟಿತು. ಮೇಲ್ದುಟಿ ಸೀಳಿತ್ತು, ಒಳಗೆ ಅಂಗುಳವೂ ಸೀಳಿತ್ತು. ಕುಡಿಸಿದ ಹಾಲು ಮೂಗಿನಲ್ಲಿ ಬರುತ್ತಿತ್ತು. ಹಾಲಿನಲ್ಲಿ ಬತ್ತಿ ಅದ್ದಿ ಹನಿ ಹನಿಯಾಗಿ ಬಾಯಿಗೆ ಬಿಟ್ಟರು. ನಾನು ರಜಕ್ಕೆ ಬರುವ ಹೊತ್ತಿಗೆ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಮಗುವನ್ನು ನಾನು ನೋಡಲೇ ಇಲ್ಲ. ಆದರೂ ಅದರ ಮುಖ ನನಗೆ ಗೊತ್ತು ಅನಿಸುತ್ತದೆ. ಇದೂ ಆ ಕೋಳಿಗಳ ಜಾತಿಯದೇ ಇರಬೇಕು.

ಮುಂದಿನ ಗ್ರಹಣ ಸಿಂಹಳದಲ್ಲಿ ಪೂರ್ಣವಾಗಿ ಕಾಣುತ್ತದೆಂದು ಕಾಲೇಜಿನಲ್ಲಿ ಕೇಳಿ ಬಂದವನು, ಅಕ್ಕ ಕೂತಿದ್ದಾಳೆ ಎಂಬುದನ್ನು ಮರೆತು, ಊಟದ ಹೊತ್ತಿನಲ್ಲಿ ಅದನ್ನೇ ಮಾತಾಡಿಬಿಟ್ಟೆ. ಅಮ್ಮ ಕಣ್ಣಿನಲ್ಲೇ ಗದರಿಸಿದಳು. ಅಕ್ಕ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದಳು.

"ಅಲ್ಲಿಗೆ ಹೆಂಗೋ ಹೋಗೋದು?"

"ರೈಲಲ್ಲಿ ಧನುಷ್ಕೋಟಿ ತನಕ. ಅಲ್ಲಿಂದ ಹಡಗು."

"ನನ್ನೂ ಕರ್ಕೊಂಡ್ ಹೋಗೋ. ನಾನು ಅದನ್ನ ಒಂದ್ಸಲ ನೋಡ್ಬೇಕು."

"ಅದನ್ನ ಅಂದ್ರೆ?"

"ಅದನ್ನೇ ಕಣೋ. ನನ್ ಮಗೂನ ತಿಂತು ಅಂತಾರಲ್ಲ, ಅದನ್ನ. ಮುಖ ಎತ್ತಿ ನೋಡ್ಬೇಕು."

ನಾನು ತಯಾರಿಗೆ ನಿಂತೆ. ಭಾವನಿಗೆ ಹೇಳಿದಾಗ ಅವರು, "ಹೋಗ್ಬರ್ಲಿ. ಅವ್ವನಿಗೆ ಮಾತ್ರ ಹಡಗು ಗಿಡಗು ಅಂತ ಹೇಳ್ಬೇಡಪ್ಪಾ" ಎಂದರು. ಅವರ ತಾಯಿಗೆ ರಾಮೇಶ್ವರ ಎಂದು ಹೇಳಿದೆವು. ಧನುಷ್ಕೋಟಿಗೂ ರಾಮೇಶ್ವರಕ್ಕೂ ರೈಲು ಒಂದೇ ದಾರಿಯಲ್ಲವೆ, ಪೂರಾ ಸುಳ್ಳೂ ಅಲ್ಲ. ಆಕೆಯಂತೂ ನನ್ನ ಕೈಯನ್ನೇ ಹಿಡಿದುಕೊಂಡರು.

"ಅಮಾಸೆ, ಅದರ ಮೇಲೆ ಗ್ರಹಣ, ಅದೂ ಮೃಗಶಿರಾದಾಗೆ. ನಿಮ್ಮಕ್ಕನ ನಕ್ಷತ್ರಾನೇ ಕಣಪ್ಪ ಅದು. ಸಮುದ್ರದಾಗೆ ಮುಳುಗಿ ಎದ್ರೆ ಎಲ್ಲಾ ದೋಷ ತೊಳ್ದು ಹೋಗ್ತದೆ. ನೀನು ಬಿ.ಎಸ್‌ಸಿ. ಓದಿದ್ರೂ ಒಳ್ಳೆ ಬುದ್ಧಿ ಐತೆ ನಾಯನಾ!"

ಅಕ್ಕ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಓಡಿದಳು. ನಗು ತಡೆಯಲಾರದೆ ಓಡಿದಳೆಂದುಕೊಂಡಿದ್ದೇನೆ.

ದಾರಿಯ ಬಗ್ಗೆ ನಮ್ಮಿಬ್ಬರಿಗೂ ದೊಡ್ಡ ಜಗಳವೇ ಆಯಿತು. ಚಿಂತಾಮಣಿಯಿಂದ ಸಣ್ಣ ರೈಲು ಎರಡು ಕಡೆಗೂ ಹೋಗುತ್ತಿತ್ತು. ಪೂರ್ವಕ್ಕೆ ಹೋದರೆ ಕೋಲಾರ ದಾಟಿ ಬಂಗಾರಪೇಟೆ, ಅಲ್ಲಿ ದೊಡ್ಡ ರೈಲು ಹಿಡಿದು ಜೋಲಾರಪೇಟೆ, ಈರೋಡು, ತಿರುಚ್ಚಿ. ನೇರ ದಾರಿ. ಪಶ್ಚಿಮಕ್ಕೆ ಹೋದರೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸುತ್ತಿ ಯಶವಂತಪುರ, ಬೆಂಗಳೂರು, ಮತ್ತೆ ಅದೇ ಬಂಗಾರಪೇಟೆಗೇ ಬರಬೇಕು. ಅಕ್ಕ ಸುತ್ತಿನ ದಾರಿಯೇ ಆಗಬೇಕೆಂದು ಹಟ ಹಿಡಿದಳು.

"ಒಂದು ದಿನ ಸುಮ್ನೆ ದಂಡ ಕಣೇ ಅಕ್ಕ!"

"ಶಿಡ್ಲಘಟ್ಟದ ಸ್ಟೇಷನ್ನಿಗೆ ಅಮ್ಮ ಬುತ್ತಿ ತರ್ತಾಳೆ. ಹಡಗು ಹತ್ತೋಕೆ ಮುಂಚೆ ಅವಳ ಮುಖ ನೋಡ್ಬೇಡ್ವೇನೋ? ನೀನು ಆಕಾಶ ನೋಡೋನು, ನಿಂಗೆಲ್ಲಿ ಗೊತ್ತಾಗ್ಬೇಕು."

ಅವಳೇ ಗೆದ್ದಳು.

ಸಿಂಹಳಕ್ಕೆ ಹೋಗಲು ಪರವಾನಗಿ ಬೇಕಿತ್ತು, ಅದಕ್ಕೆ ಫೋಟೋ. ಕಾಲರಾ, ಸಿಡುಬಿಗೆ ಸೂಜಿ ಹಾಕಿಸಿಕೊಂಡಿರಬೇಕಿತ್ತು. ಎರಡೂ ಕೆಲಸಕ್ಕೆ ಚಿಕ್ಕಬಳ್ಳಾಪುರಕ್ಕೆ ಹೋದೆವು. ಸೂಜಿಗೆ ಕಣ್ಣು ಮಿಟುಕಿಸದ ಅಕ್ಕ ಕ್ಯಾಮೆರಾ ಮುಂದೆ ಬೆವತಳು. ಫೋಟೋದವನು, "ಸ್ವಲ್ಪ ನಗಮ್ಮಾ, ಮದ್ವೆ ಗಂಡು ನೋಡೋಕೆ ತಾನೆ?" ಅಂದುಬಿಟ್ಟ. "ಹೂನಪ್ಪಾ, ಲಂಕೆಯಿಂದ ಬರ್ತಾವ್ನೆ, ಹತ್ತು ತಲೆಯಂತೆ. ಇನ್ನೊಂದ್ ಹತ್ತು ಕಾಪಿ ತೆಗಿ" ಎಂದಳು. ಮಗು ಹೋದ ಮೇಲೆ ಅವಳು ತಮಾಷೆ ಮಾಡಿದ್ದನ್ನು ಕೇಳಿದ್ದು ಅದೇ ಮೊದಲು.

ರಾತ್ರಿಗೂ ಹಗಲಿಗೂ ಯಾವ ರೈಲು, ಎಲ್ಲಿ ಬದಲಾಯಿಸಬೇಕು, ಹಡಗಿಗೆ ಮುಂಚೆ ಮಂಟಪಂನಲ್ಲಿ ವೈದ್ಯರ ತಪಾಸಣೆಗೆ ಎಷ್ಟು ಹೊತ್ತು ಬಿಡಬೇಕು, ಎಲ್ಲವನ್ನೂ ಗೊತ್ತು ಮಾಡಿದೆ. ಮಳೆಗಾಲದ ಮೋಡವೊಂದೇ ನನ್ನ ಕೈಯಲ್ಲಿರಲಿಲ್ಲ. ಚಿಂತಾಮಣಿಯ ಮನೆಯಲ್ಲಿ ಹುಳು ಸಾಕುವುದೂ ನನ್ನ ಲೆಕ್ಕದಲ್ಲಿತ್ತು. ಗ್ರಹಣಕ್ಕೆ ವಾರ ಇರುವಾಗಲೇ ಹುಳು ಹಣ್ಣಾಗಿ ಗೂಡು ಕಟ್ಟಿರುತ್ತವೆ, ಆಮೇಲೆ ಮನೆ ಖಾಲಿ ಎಂದು ಅಕ್ಕನ ಅತ್ತೆಯೇ ಲೆಕ್ಕ ಹಾಕಿ ಮೊಟ್ಟೆ ತರಿಸಿದ್ದರು. ಎರಡು ಬೆಳೆಯ ನಡುವೆ ರಾಮೇಶ್ವರ. ನಮ್ಮ ಸೀಮೆಯಲ್ಲಿ ಮದುವೆಯನ್ನೂ ತಿಥಿಯನ್ನೂ ಆ ಸಂದಿನಲ್ಲೇ ತೂರಿಸುತ್ತಾರೆ.

ಆ ಸಲ ಮಳೆ ಮುಂಚೆಯೇ ಹಿಡಿಯಿತು. ಹೊರಡುವ ಹಿಂದಿನ ದಿನ ಪರವಾನಗಿಗಳನ್ನು ಜೇಬಿನಲ್ಲಿಟ್ಟುಕೊಂಡು ಚಿಂತಾಮಣಿಯ ಸ್ಟೇಷನ್ನಿನಲ್ಲಿ ಇಳಿದೆ. ಮನೆಯ ಬಾಗಿಲಿಗೆ ಬರುವಾಗಲೇ ಒಳಗಿನ ಸದ್ದು ಕೇಳಿತು. ಹುಳು ಬೆಳೆಸುವ ಮನೆಗಳಲ್ಲಿ ಆ ಸದ್ದನ್ನು ಯಾರೂ ಮರೆಯಲಾರರು: ಸಾವಿರಾರು ಬಾಯಿಗಳು ಸೊಪ್ಪು ಮೇಯುವ, ಹೊರಗೆ ಸಣ್ಣಗೆ ಮಳೆ ಹುಯ್ಯುತ್ತಿದೆಯೇನೋ ಎನಿಸುವ ಸದ್ದು. ತಟ್ಟೆಗಳು ತುಂಬಿದ್ದವು. ಹುಳುಗಳು ಹಸಿರಾಗಿಯೇ ಇದ್ದವು, ಇನ್ನೂ ಹಣ್ಣಾಗಿರಲಿಲ್ಲ. ಥಂಡಿಗೆ ಪ್ರತಿ ಜ್ವರದಲ್ಲೂ ಹೆಚ್ಚು ಮಲಗಿ, ಹಿಂದೆ ಬಿದ್ದಿದ್ದವು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ನಮ್ಮಲ್ಲಿ ಜ್ವರ ಎಂದೇ ಹೆಸರು.

ಅತ್ತೆ ಹಣೆ ಚಚ್ಚಿಕೊಂಡರು. "ಏನ್ ಮಾಡೋದಪ್ಪಾ! ಸರಿಯಾಗಿ ಅಮಾಸೆ ದಿನಾನೇ ಹಣ್ಣಾಗ್ತವೆ. ಆಳುಗಳ್ನ ಕರೆದ್ರೆ, ಗ್ರಹಣ ಕಣಮ್ಮೋ ನಾವ್ ಹೊಸ್ಲು ದಾಟಲ್ಲ ಅಂತಾರೆ. ನಾನೂ ಇವಳೂ ಬಿಟ್ರೆ ಆಯೋಕೆ ಯಾರವ್ರೆ?"

ಹಣ್ಣಾದ ಹುಳುವನ್ನು ಕೂಡಲೇ ಆಯ್ದು, ಗೂಡು ಕಟ್ಟಲು ಬಿದಿರಿನ ತಟ್ಟಿಯ, ಎಂದರೆ ಚಂದ್ರಿಕೆಯ, ಮೇಲೆ ಬಿಡಬೇಕು. ಕೆಲವು ಗಂಟೆ ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಚೆಲ್ಲಿ ಮುಗಿಸುತ್ತವೆ. ಗ್ರಹಣವೆಂದು ಆಳುಗಳು ಬರುವುದಿಲ್ಲ, ಆಳುಗಳು ಬಾರದ್ದರಿಂದ ಅಕ್ಕ ಗ್ರಹಣಕ್ಕೆ ಹೋಗುವಂತಿಲ್ಲ. ಯಾರನ್ನು ಬೈಯುವುದು?

ಅಕ್ಕ ಹಿತ್ತಲಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು.

"ನಿಂಗೆ ಯಾವಾಗ ಗೊತ್ತಾಯ್ತು?"

"ಎರಡನೇ ಜ್ವರದಾಗೇ."

"ಒಂದು ಕಾಗದ ಹಾಕೋಕೆ ಏನಾಗಿತ್ತೇ?"

"ಹಾಕಿದ್ರೆ ನೀನು ಪರವಾನಗಿ ತರ್ತಿರ್ಲಿಲ್ಲ. ಎಲ್ಲಿ, ತೋರ್ಸು." ಸೊಪ್ಪಿನ ಹಸಿರು ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು ತನ್ನ ಫೋಟೋವನ್ನು ಬೆಳಕಿಗೆ ಹಿಡಿದಳು. "ಹಲ್ಲು ಕಾಣ್ತೈತೆ, ಥೂ" ಎಂದು ವಾಪಸು ಕೊಟ್ಟಳು. "ನೀನು ಹೋಗ್ಬಾರೋ."

ನಾನು ಹೋಗಲಿಲ್ಲ. ಅವಳಿಗಾಗಿ ನಿಂತೆನೆಂದು ಹೇಳಿಕೊಂಡು ಬಂದಿದ್ದೇನೆ. ಆಕಾಶ ನೋಡಿ, ಅಲ್ಲಿಯೂ ಮೋಡವೇ ಎಂದು ಅಧೈರ್ಯಪಟ್ಟು ನಿಂತೆನೋ, ಈಗ ಖಚಿತವಾಗಿ ಹೇಳಲಾರೆ. ಆ ದಿನ ಸಿಂಹಳದಲ್ಲಿ ನಿಜಕ್ಕೂ ಮೋಡ ಕವಿದು, ಎಲ್ಲೆಲ್ಲಿಂದಲೋ ಬಂದವರು ಬರಿ ಕತ್ತಲೆ ನೋಡಿ ವಾಪಸಾದರೆಂದು ಆಮೇಲೆ ಪತ್ರಿಕೆಯಲ್ಲಿ ಓದಿದೆ. ಅರವತ್ತನಾಲ್ಕರ ಚಂಡಮಾರುತದಲ್ಲಿ ಧನುಷ್ಕೋಟಿಯೇ ಕೊಚ್ಚಿಹೋಯಿತು. ನಾವು ಅಷ್ಟು ಜಗಳವಾಡಿ ಗೊತ್ತುಮಾಡಿದ ದಾರಿಯ ಕೊನೆಯ ತುಂಡು ಈಗ ಇಲ್ಲ.

ಗ್ರಹಣದ ಬೆಳಿಗ್ಗೆ ಬೀದಿಯಲ್ಲಿ ಒಂದು ಬಾಗಿಲೂ ತೆರೆದಿರಲಿಲ್ಲ. ನೀರಿನ ಹಂಡೆ, ಉಪ್ಪಿನಕಾಯಿಯ ಜಾಡಿಗಳ ಮೇಲೆ ದರ್ಭೆ ಹಾಕಿತ್ತು. ಹುಳುಗಳು ರಾತ್ರಿಯಿಂದಲೇ ಹಣ್ಣಾಗತೊಡಗಿ, ಮೈ ತಿಳಿಯಾಗಿ, ತಲೆ ಎತ್ತಿ ಆಡಿಸುತ್ತಿದ್ದವು. ಅತ್ತೆ ಬಾಯಲ್ಲಿ ಶಿವ ಶಿವ ಎನ್ನುತ್ತ, ಕೈಯಲ್ಲಿ ಹುಳು ಆಯುತ್ತ ಕೂತಿದ್ದರು. ಭಾವ ಹೊದ್ದು ಮಲಗಿದ್ದರು. ಅಕ್ಕ ತುಂಬಿದ ಚಂದ್ರಿಕೆಯೊಂದನ್ನು ಎತ್ತಿಕೊಂಡು ಹಿತ್ತಲ ಬಾಗಿಲ ಅಗುಳಿ ತೆಗೆದಳು.

"ಏಮ್ಮಾ, ಗ್ರಹಣ ಬಿಟ್ಟ ಮೇಲೆ ಇಡುವಂತೆ!"

"ಒಳಗೆ ಜಾಗ ಇಲ್ಲ ಅತ್ತೆ."

ನಾನು ಕಾಡಿಗೆ ಹಿಡಿಸಿದ ಗಾಜು ತೆಗೆದುಕೊಂಡು ಹಿಂದೆ ಹೋದೆ. ಮೋಡ ಬಿರಿದಿತ್ತು. ಬಿಸಿಲು ಬಡವಾಗಿ, ಯಾರೋ ಹಳೆಯ ಪಂಚೆಯಲ್ಲಿ ಸೋಸಿದ ಹಾಗಿತ್ತು. ಹೊಂಗೆ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಒಂದೊಂದು ಬೆಳಕಿನ ಚುಕ್ಕೆಯೂ ಕುಡುಗೋಲಿನ ಆಕಾರದಲ್ಲಿತ್ತು. ಅವು ಅಕ್ಕನ ತೋಳಿನ ಮೇಲೆ, ಸೀರೆಯ ಮೇಲೆ, ಚಂದ್ರಿಕೆಯ ಹುಳುಗಳ ಮೇಲೆ ನಡುಗುತ್ತಿದ್ದವು. ಅವಳು ಚಂದ್ರಿಕೆಯನ್ನು ಗೋಡೆಗೆ ಒರಗಿಸಿ, ಗಾಜಿನಲ್ಲಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಇಷ್ಟೇನಾ?"

"ಇಷ್ಟೇ ಕಣೇ. ಚಂದ್ರ ಅಡ್ಡ ಬಂದಿದ್ದಾನೆ. ಆಮೇಲೆ ಹೋಗ್ತಾನೆ. ಸೊಪ್ಪಿಗೂ ಇದಕ್ಕೂ, ತುಟಿಗೂ ಇದಕ್ಕೂ ಏನೂ ಸಂಬಂಧ ಇಲ್ಲ."

"ಹಂಗಾದ್ರೆ ಯಾಕಾಯ್ತೋ?"

ಹೊಟ್ಟೆಯಲ್ಲಿ ಮಗುವಿನ ತುಟಿ ಮೊದಲು ಎರಡು ಹೋಳಾಗಿಯೇ ಇರುತ್ತದೆ, ಆಮೇಲೆ ಕೂಡಿಕೊಳ್ಳುತ್ತದೆ, ಕೆಲವಕ್ಕೆ ಕೂಡಿಕೊಳ್ಳುವುದಿಲ್ಲ ಎಂದು ನಾನು ಓದಿದ್ದನ್ನು ಹೇಳಿದೆ.

"ಕೆಲವಕ್ಕೆ ಅಂದ್ರೆ? ನಂದಕ್ಕೇ ಯಾಕೆ?"

"ಗೊತ್ತಿಲ್ಲ ಅಕ್ಕ. ಯಾರಿಗೂ ಗೊತ್ತಿಲ್ಲ."

ಅವಳು ಗಾಜನ್ನು ನನ್ನ ಕೈಗೆ ಕೊಟ್ಟಳು. ಬೆರಳಿಗೆ ಮಸಿ ಹತ್ತಿತ್ತು.

"ನಾನು ಸೊಪ್ಪು ಹೆಚ್ಚಿದ್ದಕ್ಕೇ ಆಯ್ತು ಅಂದ್ರೆ, ಇನ್ನೊಂದ್ಸಲ ಹೆಚ್ಚದೇ ಇರ್ತೀನಿ. ಸುಮ್ನೇ ಆಯ್ತು ಅಂದ್ರೆ, ಇನ್ನೊಂದ್ಸಲ ನಾನ್ ಏನ್ ಮಾಡ್ಲೋ?"

ಇದನ್ನು ಅವಳು ಹೀಗೆಯೇ ಹೇಳಿದಳೇ? ನಾನು ಎಷ್ಟೋ ವರ್ಷ ಮನಸ್ಸಿನಲ್ಲಿ ಹೊರಳಿಸಿ ಹೊರಳಿಸಿ ಅದನ್ನು ಇಷ್ಟು ನುಣುಪು ಮಾಡಿದ್ದೇನೆಯೇ? ಮಾತು ಬೇರೆಯಿದ್ದಿರಬಹುದು. ನಾನು ಗಾಜಿನ ಮಸಿಯನ್ನು ಒರೆಸುತ್ತ ನಿಂತೆ ಎಂಬುದು ಮಾತ್ರ ನಿಜ.

ಒಳಗಿನಿಂದ ಅತ್ತೆ ಕೂಗಿದರು: "ಏಮ್ಮಾ, ಈಚೆ ತಟ್ಟೇವೂ ಹಣ್ಣಾದ್ವು, ಬಾರಮ್ಮಾ!"

"ಬಂದೆ ಅತ್ತೆ."

ಗ್ರಹಣ ಬಿಡುವವರೆಗೂ ಅವಳು ಹುಳು ಆಯ್ದಳು. ಬಿಟ್ಟ ಮೇಲೆ ಎಲ್ಲರಿಗಿಂತ ಮುಂಚೆ ಅವಳೇ ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ನಾನು ಜಗಲಿಯಲ್ಲಿ ಕೂತು ಆ ನೀರಿನ ಸದ್ದು ಕೇಳುತ್ತಿದ್ದೆ. ಅತ್ತೆಯೇ ಕೊನೆಗೆ, "ಸಾಕು ಬಾಮ್ಮಾ, ಥಂಡಿ ಆಗ್ತದೆ" ಎಂದರು. ಅವಳು ಇನ್ನೂ ಒಂದು ಬಿಂದಿಗೆ ಸುರಿದುಕೊಂಡಳು.